ಎಲೆಯ ಕೊಡೆಯೂ ನಮ್ಮ ಮುಖದ ಬಣ್ಣವೂ

ನಾನು ಕಲಾವಿಭಾಗದ ವಿದ್ಯಾರ್ಥಿ. ರಸಾಯನಶಾಸ್ತ್ರದೊಡನೆ ನನ್ನ ನಂಟು ಹೈಸ್ಕೂಲಿಗೇ ಮುಗಿಯಿತು. ಅಂಥವನು ಅಣುಗಳ ಮಾತೆತ್ತುವುದು ಅಧಿಕಪ್ರಸಂಗವೆಂದು ಗುರುಗಳಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ವಿಷಯ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿತು. ಅದು ಹೇಗೆಂದು ತಿಳಿದರೆ ವಾಚಕರು ಕ್ಷಮಿಸಿಯಾರು.

ಹೋದ ಬೇಸಿಗೆಯಲ್ಲಿ ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಕ್ಕನದು ಕಪ್ಪು ಮೈಬಣ್ಣ. ಡಿಗ್ರಿ ಮುಗಿಸಿದರೂ ಹೊಲದ ಕೆಲಸ ಬಿಟ್ಟವಳಲ್ಲ. ಬೆಳ್ಳಗಾಗುವ ಕ್ರೀಮು ತರಿಸಬೇಕೆಂದು ಅವ್ವ ಹಟ ಹಿಡಿದಾಗ, ನಾಲ್ಕಕ್ಷರ ಕಲಿತ ನಾನು ನಡುವೆ ಬಾಯಿ ಹಾಕಿದೆ. “ಅದರಾಗೆಲ್ಲ ಕೆಮಿಕಲ್ ಇರತೈತಿ. ನಿಂಬಿಹಣ್ಣಿನ ರಸ ಹಚ್ಚಿಕೊ ಅಕ್ಕಾ, ಗಿಡದ್ದು, ಏನೂ ಆಗಂಗಿಲ್ಲ” ಎಂದೆ. ಅವಳು ಕೆನ್ನೆಗೂ ಕುತ್ತಿಗೆಗೂ ರಸ ಸವರಿಕೊಂಡು, ಎಂದಿನಂತೆ ಶೇಂಗಾದ ಕಳೆ ತೆಗೆಯಲು ಹೋದಳು. ಮಾರನೆಯ ದಿನ ಉರಿ. ಅದರ ಮರುದಿನ ಬೊಬ್ಬೆ. ಆಮೇಲೆ ರಸ ಹರಿದಿಳಿದಲ್ಲೆಲ್ಲ ಕಪ್ಪು ಗೆರೆ. ಸದ್ಯಕ್ಕೆ ಬರಬೇಡಿರೆಂದು ಗಂಡಿನ ಕಡೆಯವರಿಗೆ ಹೇಳಿ ಕಳುಹಿಸಬೇಕಾಯಿತು. ಅಕ್ಕ ನನ್ನನ್ನು ಬೈಯಲಿಲ್ಲ. “ಗಿಡದ್ದ ಅಲ್ಲೇನೋ ತಮ್ಮಾ, ಮತ್ತ ಯಾಕ ಸುಡ್ತು?” ಎಂದು ಕೇಳಿದಳು, ಅಷ್ಟೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವನು ಎಲೆಗಳ ವಿಚಾರಕ್ಕೆ ಬಂದು ತಲುಪಿದೆ. ಬಿಸಿಲೇರಿದರೆ ದನ ಮರದ ಬುಡಕ್ಕೆ ಸರಿಯುತ್ತದೆ, ನಾವು ಕಟ್ಟೆಗೆ ಬರುತ್ತೇವೆ. ಎಲೆ ಎಲ್ಲಿಗೆ ಹೋದೀತು? ಬೆಳಕೇ ಅದರ ಅನ್ನ. ಆ ಅನ್ನದಲ್ಲಿಯೇ ವಿಷವೂ ಬೆರೆತು ಬರುತ್ತದೆ. 280ರಿಂದ 315 ನ್ಯಾನೋಮೀಟರ್ ತರಂಗದೂರದ ಅತಿನೇರಳೆ ಕಿರಣಗಳಲ್ಲಿ ಹೆಚ್ಚಿನ ಪಾಲನ್ನು ಓಝೋನ್ ಪದರ ತಡೆಯುತ್ತದೆ. ಉಳಿದು ಬಂದ ಸ್ವಲ್ಪವೇ ಜೀವಕೋಶದ ಡಿ.ಎನ್.ಎ.ಗೆ ತಾಗಿ, ಅಕ್ಕಪಕ್ಕದ ಥೈಮೀನ್ ಘಟಕಗಳನ್ನು ಒಂದಕ್ಕೊಂದು ಬೆಸೆದುಬಿಡಬಲ್ಲುದು. ಹಾಗೆ ಅಂಟಿಕೊಂಡ ಬರಹವನ್ನು ಕೋಶ ಸರಿಯಾಗಿ ಓದಲಾರದು.

ಗಿಡ ಇದಕ್ಕೆ ಸುಮ್ಮನೆ ತಲೆಯೊಡ್ಡಿ ಕೂಡುವುದಿಲ್ಲ. ಈ ಕಿರಣ ಬಿದ್ದುದನ್ನು ಅದು ಯುವಿಆರ್-8 ಎಂಬ ಪ್ರೋಟೀನಿನ ಮೂಲಕ ಅರಿಯುತ್ತದೆಂಬುದು 2011ರಲ್ಲಿ ಸ್ಪಷ್ಟವಾಯಿತು. ಜೋಡಿಯಾಗಿರುವ ಈ ಪ್ರೋಟೀನು ಕಿರಣ ತಾಗಿದೊಡನೆ ಬಿಡಿಬಿಡಿಯಾಗುತ್ತದೆ. ಆಗ ರಕ್ಷಕ ದ್ರವ್ಯಗಳನ್ನು ಹೆಚ್ಚಾಗಿ ತಯಾರಿಸುವಂತೆ ಕೋಶಕ್ಕೆ ಅಪ್ಪಣೆ ಹೋಗುತ್ತದೆ. ಅವು ಎಲೆಯ ಹೊರಪದರದಲ್ಲಿ ನಿಂತು ಕೆಟ್ಟ ಕಿರಣವನ್ನು ಹೀರಿ, ಊಟಕ್ಕೆ ಬೇಕಾದ ಬೆಳಕನ್ನು ಒಳಕ್ಕೆ ಬಿಡುತ್ತವೆ. ಮಾವಿನ ಕೆಂದಳಿರನ್ನು ಕಂಡು ಆ ಕೆಂಪೇ ಕೊಡೆಯೆಂದು ನಾನು ಭಾವಿಸಿದ್ದೆ. ಅದು ತಪ್ಪು. ಆ ಕೆಂಪು ಹೀರುವುದು ಹೆಚ್ಚಾಗಿ ಕಣ್ಣಿಗೆ ಕಾಣುವ ಬೆಳಕನ್ನೇ. ಅತಿನೇರಳೆಗೆ ಹಿಡಿದ ಮುಖ್ಯ ಕೊಡೆಗೆ ಬಣ್ಣವೇ ಇಲ್ಲವೆನ್ನಬಹುದು.

ನಮ್ಮ ಒಗ್ಗರಣೆಯ ಸಾಸಿವೆಯ ಬಳಗದಲ್ಲಿ ಈ ಕೆಲಸ ಮಾಡುವ ಒಂದು ಅಣುವಿಗೆ ಸಿನಾಪಾಯಿಲ್ ಮ್ಯಾಲೇಟ್ ಎಂದು ಹೆಸರು; ಸಿನಾಪಿಸ್ ಎಂದರೆ ಲ್ಯಾಟಿನಿನಲ್ಲಿ ಸಾಸಿವೆಯೇ. ಅದೇ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಂಥ ಅಣುಗಳನ್ನು ಮಾಡಲಾರದ ತಳಿಗಳು ಅತಿನೇರಳೆಗೆ ಬೇಗ ಬಾಡುವುದನ್ನು 1990ರ ದಶಕದಲ್ಲಿಯೇ ತೋರಿಸಿದ್ದಾರೆ. ಕಿರಣವನ್ನು ನುಂಗಿದ ಅಣುವಿನ ನಡುವಣ ಕೊಂಡಿಯೊಂದು ತಿರುಚಿಕೊಳ್ಳುತ್ತದೆ. ನುಂಗಿದ ಶಕ್ತಿ ಶಾಖವಾಗಿ ಸುತ್ತಲಿಗೆ ಇಳಿದುಹೋಗುತ್ತದೆ. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ, ಅಂಥ ಕೆಲವು ಹತ್ತು ಪಾಲುಗಳಲ್ಲಿ ಇಷ್ಟೂ ಮುಗಿಯುತ್ತದೆ. ಕೇಡು ಮಾಡಲು ಕಿರಣಕ್ಕೆ ಸಮಯವೇ ಸಿಕ್ಕುವುದಿಲ್ಲ.

ಇನ್ನು ನಿಂಬೆ. ಅದರ ಸಿಪ್ಪೆಯಲ್ಲಿಯೂ ರಸದಲ್ಲಿಯೂ ಸೊರಾಲಿನ್ ಗುಂಪಿನ ಅಣುಗಳಿವೆ. ಇವೂ ಬಿಸಿಲಿನ ಅತಿನೇರಳೆಯನ್ನು ಹೀರುತ್ತವೆ. ಆದರೆ ಹೀರಿದ ಶಕ್ತಿಯನ್ನು ಜಾರಿಸಿಬಿಡದೆ, ಅದೇ ಬಲದಿಂದ ನಮ್ಮ ಚರ್ಮದ ಕೋಶಗಳ ಡಿ.ಎನ್.ಎ.ಗೆ ಹೋಗಿ ಅಂಟಿಕೊಳ್ಳುತ್ತವೆ. ಬಾವಂಚಿ ಬೀಜದಲ್ಲಿರುವುದೂ ಇದೇ. ತೊನ್ನಿನ ಚಿಕಿತ್ಸೆಯಲ್ಲಿ ವೈದ್ಯರು ಇದನ್ನು ಅಳತೆಯಿಟ್ಟು, ಬೆಳಕನ್ನೂ ಅಳತೆಯಿಟ್ಟು ಬಳಸುವುದುಂಟು. ನಾನು ಅಕ್ಕನಿಗೆ ಹೇಳಿದ್ದು ಅಳತೆಯೂ ಇಲ್ಲದ, ತಿಳಿವಳಿಕೆಯೂ ಇಲ್ಲದ ಚಿಕಿತ್ಸೆ.

ಎರಡೂ ಗಿಡದವೇ, ಎರಡೂ ಕೆಮಿಕಲ್ಲುಗಳೇ. ಒಂದು ಬಿಸಿಲನ್ನು ತಣ್ಣಗೆ ಕಳುಹಿಸಿಕೊಡುತ್ತದೆ, ಇನ್ನೊಂದು ಅದನ್ನು ಮೈಗೆ ಚುಚ್ಚುತ್ತದೆ. ಆದುದರಿಂದ ಸೀಸೆಯ ಮೇಲೆ ‘ನೈಸರ್ಗಿಕ’ ಎಂದು ಹಸಿರು ಅಕ್ಷರದಲ್ಲಿ ಬರೆದಿರುವುದನ್ನು ಒಂದು ವಾದವೆಂದು ನಾನು ಇನ್ನು ಒಪ್ಪಲಾರೆ. ಅನೇಕ ಸನ್‌ಸ್ಕ್ರೀನುಗಳಲ್ಲಿ ಹಾಕುವ ಮೆಥಾಕ್ಸಿಸಿನ್ನಮೇಟ್ ಕೂಡ ಸಾಸಿವೆಯ ಆ ಅಣುವಿಗೆ ದೂರದ ದಾಯಾದಿ. ಎರಡರದೂ ದಾಲ್ಚಿನ್ನಿಯಿಂದ ಹೆಸರು ಪಡೆದ ಸಿನ್ನಮಿಕ್ ಆಮ್ಲದ ಮನೆತನ.

ಆದರೆ ನನ್ನ ನಿಜವಾದ ದೂರು ಬೇರೆ. ಬಿಸಿಲಿನ ರಕ್ಷಣೆಯೆಂಬ ಈ ಸೊಗಸಾದ ತಿಳಿವಳಿಕೆ ನಮ್ಮ ಹಳ್ಳಿಯ ಅಂಗಡಿಗೆ ಬರುವಾಗ ಬಿಳುಪಿನ ಆಸೆಯ ವೇಷ ತೊಟ್ಟೇ ಬರುತ್ತದೆ. 2020ರಲ್ಲಿ ಅಂಥದೊಂದು ಪ್ರಸಿದ್ಧ ಕ್ರೀಮು ತನ್ನ ಹೆಸರಿನಿಂದ ‘ಬೆಳ್ಳಗೆ’ ಎಂಬರ್ಥದ ಮಾತನ್ನು ಕೈಬಿಟ್ಟಿತು. ಕೊಳ್ಳುವವರ ಮನಸ್ಸು ಬಿಟ್ಟಿದೆಯೆ? ಅಕ್ಕನ ಚರ್ಮದ ಕಪ್ಪು ಮೆಲನಿನ್ ಎಂಬ ದ್ರವ್ಯದ್ದು. ಅದೂ ಕಿರಣವನ್ನು ಹೀರಿ ಶಾಖವಾಗಿ ಬಿಡುವ ಕೊಡೆಯೇ. ಎಲೆಯ ಕೊಡೆ ಕಾಣಿಸುವುದಿಲ್ಲ, ನಮ್ಮದು ಕಾಣಿಸುತ್ತದೆ, ಭೇದ ಅಷ್ಟೆ. ಆ ಕೊಡೆಯನ್ನು ಉಜ್ಜಿ ಕಳೆಯಲು ಹೊರಟವನು ನಾನು, ಅದೂ ಮಟಮಟ ಮಧ್ಯಾಹ್ನ ಹೊಲದಲ್ಲಿ ಬಾಗಿ ನಿಲ್ಲುವವಳಿಗೆ.

ಈಗ ಅವಳು ನನ್ನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೂ ಕುತ್ತಿಗೆಗೂ ಬಟ್ಟೆ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಾಳೆ. ಗೆರೆಗಳು ಮುಕ್ಕಾಲು ಪಾಲು ಮಾಸಿವೆ. ಈ ಬರಹವನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಿದೆ. ಎಲ್ಲವನ್ನೂ ಕೇಳಿದ ಮೇಲೆ, “ಹಂಗಾರ ದಿನಾ ಬಿಸಲಾಗ ನಿಂತು ನಿಂಬಿಹಣ್ಣು ಹಿಂಡತಾನಲ್ಲ, ಸೋಡಾ ಗಾಡಿಯಂವ, ಅವನ ಕೈ?” ಎಂದಳು. ಅವನಿಗೂ ಹಾಗೆಯೇ ಆಗಬಹುದು, ಹಿಂಡಿದೊಡನೆ ಸಾಬೂನು ಹಚ್ಚಿ ತೊಳೆದುಕೊಳ್ಳಬೇಕು ಎಂದೆ. “ಹೋಗಿ ಅವಗ ಹೇಳಿ ಬಾ” ಎಂದು ನನ್ನನ್ನು ಎಬ್ಬಿಸಿ ಕಳುಹಿಸಿದಳು.