ಗಣಿಯವರ ಎದೆಯನ್ನೂ ಪರೀಕ್ಷಿಸಿ

ಶ್ವಾಸಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಗೋಕೆ ಮುಂಚೆನೇ ಹಲವರ ಕಫದ ಜೀವಕೋಶಗಳಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಿರುತ್ತೆ. ಎರಡಿರಬೇಕಾದ ಕಡೆ ಮೂರೋ ನಾಲ್ಕೋ ಇರುತ್ತವೆ. ಅಮೆರಿಕದ ಕೊಲೊರಾಡೊ ಸಂಶೋಧಕರು 2010ರಲ್ಲೇ ಇದನ್ನು ತೋರಿಸಿದರು. ಆದರೆ ಅವರು ನೋಡಿದ್ದು ವಿಪರೀತ ಸಿಗರೇಟು ಸೇದಿದವರನ್ನು.

ನಮ್ಮ ಕೆಜಿಎಫ್ ಗಣಿಯಲ್ಲಿ ತಲೆಮಾರುಗಟ್ಟಲೆ ಕಲ್ಲಿನ ಧೂಳು ಕುಡಿದವರಲ್ಲಿ ಬಹುಪಾಲು ದಲಿತರು. ಆ ಸಿಲಿಕಾ ಧೂಳಿನಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿತು. ಗಣಿ ಮಾತ್ರ 2001ರವರೆಗೆ ನಡೀತು. ಅದು ಮುಚ್ಚಿದರೂ ಎದೆಯೊಳಗಿನ ಧೂಳು ಹೋಗಲಿಲ್ಲ.

ಕಫದ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ, ಒಪ್ಪೋಣ. ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಇದೆಯಲ್ಲ? ಹಳೇ ಗಣಿ ಕಾರ್ಮಿಕರಿಗೆ ಸರ್ಕಾರ ಅದನ್ನಾದರೂ ಉಚಿತವಾಗಿ ಮಾಡಿಸಲಿ. "ಬೀಡಿ ಸೇದ್ತೀಯಾ?" ಅನ್ನೋ ಡಾಕ್ಟರು "ಏನು ಕೆಲಸ ಮಾಡ್ತಿದ್ರಿ?" ಅಂತಲೂ ಕೇಳಲಿ.

ಜೈಭೀಮ್.