ಬಿರುಗಾಳಿಯೂ ಸಣ್ಣ ದೋಣಿಯೂ

ರಾಣೆಬೆನ್ನೂರಿನಿಂದ ಅರಬ್ಬೀ ಸಮುದ್ರಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಹತ್ತಿ, ಮೆಕ್ಕೆಜೋಳಗಳ ಈ ಬಯಲಿನ ವಿದ್ಯಾರ್ಥಿಗೆ ಕಡಲಿನ ಬಿರುಗಾಳಿಯ ವಿಚಾರವೇಕೆಂದು ಕೆಲವರು ಕೇಳಬಹುದು. ಆದರೆ ದೋಣಿಯ ವಿದ್ಯೆ ಈ ತಾಲ್ಲೂಕಿಗೆ ಹೊಸದಲ್ಲ. ತುಂಗಭದ್ರೆಯ ದಡದ ಚೌಡಯ್ಯದಾನಪುರವು 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಊರು. ಹೊಳೆ ತುಂಬಿ ಕೆಂಪು ನೀರು ಬಂದಾಗ ಹರಿಗೋಲನ್ನು ದಡಕ್ಕೆಳೆದು ಕವುಚಿ ಹಾಕುವ ಅಂಬಿಗನನ್ನು ಯಾರೂ ಹೇಡಿಯೆನ್ನುವುದಿಲ್ಲ. ಕಡಲಿನವನಿಗೂ ಅದೇ ನ್ಯಾಯ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಸಮುದ್ರಸಾಹಸದ ಕಥೆಗಳಲ್ಲಿ ನಾವು ಮೆಚ್ಚುವುದು ಬಿರುಗಾಳಿಯೊಡನೆ ಹೋರಾಡಿ ಉಳಿದವನನ್ನು. ಮುಗಿಲು ನೋಡಿ ಹಿಂದಿರುಗಿದವನ ಕಥೆಯನ್ನು ಬರೆಯುವವರಿಲ್ಲ. ಬರೆಯುವುದಕ್ಕೆ ಅಲ್ಲಿ ಏನೂ ನಡೆದಿರುವುದಿಲ್ಲವಷ್ಟೆ! ಆದರೂ ಸಣ್ಣ ದೋಣಿಯ ವಿದ್ಯೆಯಲ್ಲಿ ಹೆಚ್ಚಿನ ಪಾಲು ಈ ಹಿಂದಿರುಗುವಿಕೆಯೇ. ಮುಂಗಾರಿನಲ್ಲಿ ದೋಣಿಗಳನ್ನು ಮೇಲಕ್ಕೆಳೆದಿಟ್ಟು, ನೂಲಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ ಬಳಿಕ ಕಡಲಿಗಿಳಿಯುವ ನಮ್ಮ ಕರಾವಳಿಯವರ ಪದ್ಧತಿಯಲ್ಲಿ ಹವೆಯ ಜ್ಞಾನ ಅಡಗಿದೆ. ಚಂಡಮಾರುತಗಳಾದರೋ ಈ ಕಟ್ಟಳೆಗೆ ಒಳಪಡುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಅವು ಹೆಚ್ಚಾಗಿ ಹುಟ್ಟುವುದು ಮುಂಗಾರಿಗೆ ಸ್ವಲ್ಪ ಮೊದಲು ಮತ್ತು ಅದು ಕಳೆದ ಮೇಲೆ. ಎಂದರೆ, ದೋಣಿಗಳೆಲ್ಲ ಕಡಲಿನಲ್ಲಿರುವ ಕಾಲದಲ್ಲಿ.

ಆಗ ನಾವಿಕನಿಗೆ ನೆರವಾಗುವ ನಿಯಮವೊಂದನ್ನು ಹಾಲೆಂಡಿನ ವಿಜ್ಞಾನಿ ಬೈಸ್ ಬಾಲಟ್ 1857ರಲ್ಲಿ ಪ್ರಕಟಿಸಿದನು. ಭೂಮಿಯ ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನುಮಾಡಿ ನಿಂತರೆ ವಾಯುಭಾರ ಕಡಿಮೆಯಾಗಿರುವ ಸ್ಥಳ ನಮ್ಮ ಎಡಗಡೆಗೆ ಇರುತ್ತದೆ. ಮಲ್ಪೆಯಿಂದ ಹೊರಟ ದೋಣಿಯವನಿಗೆ ತೆಂಕಣಿಂದ ಗಾಳಿ ಬಿರುಸಾಯಿತೆನ್ನೋಣ. ಅವನು ಬಡಗಣಕ್ಕೆ ಮುಖಮಾಡಿದರೆ ಎಡಗೈ ಪಡುವಣಕ್ಕೆ. ಚಂಡಮಾರುತದ ಕೇಂದ್ರ ಅಲ್ಲಿದೆ, ಬಂದರು ಮೂಡಣಕ್ಕಿದೆ. ಯಾವ ಉಪಕರಣವೂ ಇಲ್ಲದೆ ಎರಡು ಕೈಗಳಿಂದಲೇ ಇಷ್ಟು ತಿಳಿಯಬಹುದು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ಲಕ್ಷದ್ವೀಪದ ಕಡೆಯಿಂದ ನಮ್ಮ ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿತು. ಹೀಗೆ ಸಾಗುವ ಚಂಡಮಾರುತದ ಬಲಮಗ್ಗುಲು ನಮ್ಮ ಕರಾವಳಿಯ ಕಡೆಗಿರುತ್ತದೆ. ಆ ಮಗ್ಗುಲಿನಲ್ಲಿ ಸುತ್ತುವ ಗಾಳಿಯ ವೇಗಕ್ಕೆ ಚಂಡಮಾರುತದ ಸ್ವಂತ ನಡೆಯೂ ಕೂಡಿಕೊಳ್ಳುವುದರಿಂದ ನಾವಿಕರು ಅದನ್ನು ಅಪಾಯದ ಅರ್ಧವೆಂದೇ ಎಣಿಸುತ್ತಾರೆ. ಗಾಳಿಯ ವೇಗ ಇಮ್ಮಡಿಸಿದರೆ ಹಾಯಿಯ ಮೇಲಣ ಒತ್ತಡ ನಾಲ್ಮಡಿಯಾಗುತ್ತದೆ. ಆದುದರಿಂದ ಹಾಯಿಯನ್ನು ಇಳಿಸಬೇಕಾದುದು ಇಳಿಸಬೇಕೇ ಎಂಬ ಸಂದೇಹ ಮೊದಲು ಹುಟ್ಟಿದಾಗಲೇ.

ದಡ ತಲಪಲಾರದವನು ಏನು ಮಾಡಬೇಕು? ಸಣ್ಣ ದೋಣಿಯನ್ನು ಮಗುಚುವುದು ಮಗ್ಗುಲಿಗೆ ಬಡಿದು ಒಡೆಯುವ ತೆರೆ. ದೋಣಿಯ ಮೂತಿ ತೆರೆಗೆ ಎದುರಾಗಿಯೇ ಇರಬೇಕು. ಇದಕ್ಕಾಗಿ ಆಲಿಕೆಯಾಕಾರದ ಕ್ಯಾನ್ವಾಸ್ ಚೀಲವೊಂದನ್ನು ಉದ್ದ ಹಗ್ಗದಿಂದ ಮೂತಿಗೆ ಕಟ್ಟಿ ನೀರಿಗೆ ಬಿಡುತ್ತಾರೆ. ತಳ ಮುಟ್ಟದ ಲಂಗರೆಂದು ಇದನ್ನು ಕರೆಯಬಹುದು. ನೀರು ಅದನ್ನು ಹಿಡಿದು ನಿಲ್ಲಿಸುತ್ತದೆ, ಅದು ದೋಣಿಯನ್ನು ತಿರುಗಗೊಡುವುದಿಲ್ಲ. ತಡಮಾಡಿದವನಿಗೆ ದಡವೂ ಮಿತ್ರನಲ್ಲ. ಅಳಿವೆಯ ಮರಳುದಿಬ್ಬದ ಮೇಲೆ ನೀರಿನ ಆಳ ಕಡಿಮೆಯಾಗುತ್ತಿದ್ದಂತೆ ತೆರೆ ಕಡಿದಾಗಿ ಎದ್ದು ಮುರಿಯುತ್ತದೆ. ತೌಕ್ತೆಯ ಕಾಲದಲ್ಲಿ ಮೂಲ್ಕಿಯ ಸಮೀಪ ಬಂಡೆಗಳ ನಡುವೆ ಸಿಕ್ಕಿಬಿದ್ದ ಟಗ್ ನೌಕೆಯಿಂದ 9 ಮಂದಿಯನ್ನು ತಟರಕ್ಷಕ ಪಡೆಯೂ ನೌಕಾಪಡೆಯೂ ಪಾರುಮಾಡಬೇಕಾಯಿತು. ದಡ ಕಣ್ಣಿಗೆ ಕಾಣುತ್ತಲೇ ಇತ್ತು.

ಹಿಂದಿರುಗಬೇಕಾದರೆ ಮುನ್ನೆಚ್ಚರಿಕೆ ಸಕಾಲದಲ್ಲಿ ಕಿವಿಗೆ ಬೀಳಬೇಕು. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಬಹು ಬೇಗ ಬಲಿತಾಗ, ಕೇರಳ ಮತ್ತು ತಮಿಳುನಾಡಿನ ಅನೇಕ ಮೀನುಗಾರರು ಅದಾಗಲೇ ದೂರದ ಕಡಲಿನಲ್ಲಿದ್ದರು. ಭೂಮಿ ಗುಂಡಗಿರುವ ಕಾರಣ ದೋಣಿಗಳ ಸಾಮಾನ್ಯ ರೇಡಿಯೋ ಮಾತು ಅಷ್ಟು ದೂರ ತಲಪುವುದಿಲ್ಲ. ಮೊಬೈಲಿನ ಮಾತಂತೂ ಬೇಡ. ಅವರಲ್ಲಿ ಬಹುಮಂದಿ ಮರಳಲಿಲ್ಲ. ಮರುವರ್ಷ, 2018ರ ಸೆಪ್ಟೆಂಬರ್ 21ರಂದು, ಒಬ್ಬನೇ ಭೂಪ್ರದಕ್ಷಿಣೆಗೆ ಹೊರಟಿದ್ದ ನೌಕಾಪಡೆಯ ಅಭಿಲಾಷ್ ಟೋಮಿಯ ಹಾಯಿದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಉರುಳಿತು. ಕಂಬಗಳು ಮುರಿದುವು, ಬೆನ್ನಿಗೆ ಪೆಟ್ಟಾಗಿ ಅವರು ಏಳಲಾರದಾದರು. ಆದರೂ ಉಪಗ್ರಹದ ಮೂಲಕ ಸಂದೇಶ ಕಳುಹಿಸಬಲ್ಲವರಾಗಿದ್ದುದರಿಂದ 24ರಂದು ಫ್ರಾನ್ಸಿನ ಹಡಗೊಂದು ಅವರನ್ನು ಎತ್ತಿಕೊಂಡಿತು.

ಈ ಎರಡು ಸಂಗತಿಗಳ ನಡುವಣ ಅಂತರ ಕೇವಲ ಧೈರ್ಯದ್ದಲ್ಲ, ಕೌಶಲದ್ದೂ ಅಲ್ಲ. ಉಪಗ್ರಹದ ಮೂಲಕ ಎರಡೂ ಕಡೆಗೆ ಸಂದೇಶ ಸಾಗಿಸುವ ಇಸ್ರೋ ರೂಪಿಸಿದ ಉಪಕರಣಗಳನ್ನು ಈಚೆಗೆ ಮೀನುದೋಣಿಗಳಿಗೆ ಜೋಡಿಸತೊಡಗಿದ್ದಾರೆ. ಅವು ಅತಿ ಚಿಕ್ಕ ದೋಣಿಗೂ ಬೇಗ ಬರಲಿ. ಸಂದೇಶವೂ ಕಡಲಿನವರ ಆಡುಮಾತಿನಲ್ಲಿರಲಿ. ಅಕ್ಷಾಂಶ ರೇಖಾಂಶಗಳ ಜತೆಗೆ ಯಾವ ಬಂದರಿಗೆ ತಿರುಗಬೇಕು, ಎಷ್ಟು ಗಂಟೆಯೊಳಗೆ ಎಂಬುದನ್ನು ಅದು ಹೇಳಲಿ.

ಬೈಸ್ ಬಾಲಟನ ನಿಯಮವನ್ನು ವಿದ್ಯಾರ್ಥಿಗಳು ರಾಣೆಬೆನ್ನೂರಿನಲ್ಲಿಯೇ ಪರೀಕ್ಷಿಸಬಹುದು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತವೆದ್ದ ವಾರ್ತೆ ಬಂದ ದಿನ ಮಾಳಿಗೆಯನ್ನೇರಿ, ಕೆಳಮೋಡಗಳು ಬರುವ ದಿಕ್ಕಿಗೆ ಬೆನ್ನುಮಾಡಿ ಎಡಗೈ ಚಾಚಿರಿ. ನೆಲದ ಗಾಳಿಯನ್ನು ಸಹ್ಯಾದ್ರಿಯ ಬೆಟ್ಟಗಳು ತಿರುಚುವುದರಿಂದ ಮೋಡವೇ ಮೇಲು. ಆಮೇಲೆ ಹವಾಮಾನ ಇಲಾಖೆಯ ನಕ್ಷೆಯನ್ನು ತೆರೆದು, ಕೈ ತೋರಿದ ದಿಕ್ಕಿಗೂ ಕೇಂದ್ರಕ್ಕೂ ಎಷ್ಟು ಅಂತರವಿತ್ತೆಂಬುದನ್ನು ಬರೆದಿಟ್ಟುಕೊಳ್ಳಿರಿ.