ವಾಹನವೇ ಭಾರವಾದಾಗ

ಸಂಸ್ಕೃತದಲ್ಲಿ ‘ವಹ್’ ಎಂಬ ಧಾತುವಿಗೆ ಹೊರುವುದೆಂದು ಅರ್ಥ. ಹೊರುವಂಥದು ವಾಹನ, ಹೊರಲ್ಪಡುವಂಥದು ವಾಹ್ಯ. ಮೂವತ್ತು ವರ್ಷ ಹುಡುಗರಿಗೆ ಈ ಭೇದವನ್ನು ಹೇಳಿಕೊಟ್ಟ ನಮಗೆ, ಒಂದು ವಾಹನವೇ ಮತ್ತೊಂದರ ಬೆನ್ನೇರಿ ವಾಹ್ಯವಾದುದನ್ನು ಕಾಣುವ ಪ್ರಸಂಗವು ಹೋದ ತಿಂಗಳು ಒದಗಿತು. ಅಲ್ಲಿ ನಾವು ಕಲಿತ ಪಾಠವು ಗೃಹಸ್ಥರಾದ ವಾಚಕರಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿರುವೆವು.

ನಮ್ಮ ಅಣ್ಣನವರು ತೀರಿಕೊಂಡು ಎರಡು ವರ್ಷವಾಯಿತು. ಹುಣಸೂರಿನ ಮನೆಯ ಜಗಲಿಯ ಪಕ್ಕದಲ್ಲಿ ಅವರ ಯೆಜ್ಡಿ ಮೋಟಾರ್ ಸೈಕಲ್ಲು ಗೋಣಿತಾಟು ಹೊದ್ದು ನಿಂತಿತ್ತು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನಲ್ಲಿ, ಮೊದಲು ಜಾವಾ ಎಂಬ ಹೆಸರಿನಿಂದಲೂ 1973ರಿಂದೀಚೆಗೆ ಯೆಜ್ಡಿ ಎಂಬ ಹೆಸರಿನಿಂದಲೂ ತಯಾರಾಗುತ್ತಿದ್ದ ಆ ಗಾಡಿಗಳ ಸದ್ದು ಕೇಳಿ ಬೆಳೆದವರು ನಮ್ಮ ಸೀಮೆಯಲ್ಲಿ ಬಹು ಮಂದಿ. ಅತ್ತಿಗೆಯವರು ಅದನ್ನು ಮೈಸೂರಿನಲ್ಲಿರುವ ಮಗಳಿಗೆ ಕೊಡಲು ಮನಸ್ಸು ಮಾಡಿದರು. ಎಂಜಿನ್ನು ಹಿಡಿದುಹೋಗಿದ್ದುದರಿಂದ ಓಡಿಸಿಕೊಂಡು ಹೋಗುವಂತಿರಲಿಲ್ಲ. “ಬೇರೆ ಗಾಡಿಯಲ್ಲಿ ಹಾಕಿಸಿಕೊಂಡು ಹೋಗಪ್ಪ, ಆದರೆ ನೀನೇ ಜೊತೆಗಿರು” ಎಂದರು.

ಮೈಸೂರಿನಿಂದ ಬಂದುದು ವಿದ್ಯುಚ್ಛಕ್ತಿಯಿಂದ ಓಡುವ ಚಿಕ್ಕ ಪಿಕಪ್ ಗಾಡಿ. ಇದು ಭಾರ ಹೊತ್ತೀತೇ, ನಡುದಾರಿಯಲ್ಲಿ ಬ್ಯಾಟರಿ ಬರಿದಾಗದೇ ಎಂಬ ಸಂಶಯವು ನಮಗೆ ಹುಟ್ಟಿದುದು ಸಹಜ. ಈ ಜಾತಿಯ ಗಾಡಿಗಳಿಗೆ ದೃಷ್ಟಾಂತವಾಗಿ, 2022ರಲ್ಲಿ ಬಂದ ಟಾಟಾ ಏಸ್ ವಿದ್ಯುತ್ ಗಾಡಿಯನ್ನು ತೆಗೆದುಕೊಳ್ಳಬಹುದು. ಅದು ಹೊರತಕ್ಕ ಭಾರ 600 ಕಿಲೋಗ್ರಾಂ. ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ ಪರೀಕ್ಷೆಯ ಲೆಕ್ಕದಂತೆ 154 ಕಿಲೋಮೀಟರು ಓಡುವುದು. ಯೆಜ್ಡಿಯ ತೂಕವಾದರೋ ಸುಮಾರು 140 ಕಿಲೋಗ್ರಾಂ, ಎಂದರೆ ಆ ಶಕ್ತಿಯ ಕಾಲುಭಾಗಕ್ಕಿಂತಲೂ ಕಡಮೆ. ಹುಣಸೂರಿಗೆ ಹೋಗಿಬರುವ ದಾರಿ ಸುಮಾರು 90 ಕಿಲೋಮೀಟರು. ಆದರೂ ಭಾರ, ಏರು, ವೇಗ ಇವು ಹೆಚ್ಚಿದಷ್ಟೂ ಓಟವು ಕುಗ್ಗುವುದು. ಗಾಡಿಯ ಯುವಕನು ಇದನ್ನು ಒಂದೇ ಮಾತಿನಲ್ಲಿ ಹೇಳಿದನು: “ಮೇಷ್ಟ್ರೇ, ಕಾಗದದಲ್ಲಿ ನೂರೈವತ್ತು ಅಂತಿದ್ದರೆ ನಾವು ನೂರು ಅಂತ ಹಿಡಿಯೋದು.” ಜಾಣ ಗೃಹಸ್ಥನು ಸಂಬಳದ ವಿಷಯದಲ್ಲಿ ಮಾಡುವ ಲೆಕ್ಕವೂ ಇದೇ ಅಲ್ಲವೇ?

ಇಷ್ಟು ಗಣಿತವಾದ ಮೇಲೆ ನಾವು ನಿಶ್ಚಿಂತರಾದೆವು. ನಮ್ಮ ತಪ್ಪು ಅಲ್ಲಿಂದಲೇ ಮೊದಲಾಯಿತು. ಮೋಟಾರ್ ಸೈಕಲ್ಲನ್ನು ಮೇಲೇರಿಸಿದೊಡನೆ ಯುವಕನು ಸ್ಟ್ಯಾಂಡನ್ನು ಮಡಿಸಲು ಹೋದನು. ನಾವು ತಡೆದು, “ನೆಲದ ಮೇಲೆ ಇಷ್ಟು ವರ್ಷ ಸ್ಟ್ಯಾಂಡಿನ ಮೇಲೆಯೇ ನಿಂತಿತ್ತಪ್ಪ, ಹಾಗೆಯೇ ನಿಲ್ಲಲಿ” ಎಂದು ಹೇಳಿ, ಮನೆಯಲ್ಲಿದ್ದ ಬಾವಿಹಗ್ಗದಿಂದ ಕಟ್ಟಿಸಿದೆವು. ಅವನು ಹಿರಿಯರೆಂದು ಸುಮ್ಮನಾದನು.

ಬೀದಿಯ ಕೊನೆಯಲ್ಲಿ ಒಂದು ಹಂಪು ಇದೆ. ಅದನ್ನು ಕಂಡು ಯುವಕನು ಕಾಲು ತೆಗೆದನಷ್ಟೆ. ಗಾಡಿಯು ತಾನಾಗಿಯೇ ತಡೆದಂತೆ ನಿಧಾನವಾಯಿತು. ಹಿಂದೆ ದೊಪ್ಪೆಂದು ಸದ್ದು! ಎಂಜಿನ್ನಿನ ಮೊರೆತವಿಲ್ಲದ ಗಾಡಿಯಾದುದರಿಂದ ಆ ಸದ್ದು ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯವರಿಗೂ ಕೇಳಿಸಿತು. ಇಳಿದು ನೋಡಿದರೆ ಸ್ಟ್ಯಾಂಡು ಮಡಿಸಿಕೊಂಡು ಮೋಟಾರ್ ಸೈಕಲ್ಲು ಪಕ್ಕದ ತಗಡಿಗೆ ಒರಗಿತ್ತು. ಬ್ರೇಕಿನ ಹಿಡಿ ಬಾಗಿತ್ತು. ಅತ್ತಿಗೆಯವರು ಬರಿಗಾಲಿನಲ್ಲಿ ಓಡಿ ಬಂದು, ಏನೂ ಅನ್ನದೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತರು. ನಮಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕಾರಣವು ಆಮೇಲೆ ತಿಳಿಯಿತು. ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣಬಲದಿಂದ ಎಳೆಯಬಲ್ಲುದು. ಕಾಲು ತೆಗೆದೊಡನೆ ಅದೇ ಮೋಟಾರು ಡೈನಮೋ ಆಗಿ, ಓಟದ ಶಕ್ತಿಯಲ್ಲಿ ಕೊಂಚವನ್ನು ಬ್ಯಾಟರಿಗೆ ಹಿಂದಿರುಗಿಸುತ್ತ ಗಾಡಿಯನ್ನು ತಡೆಯುವುದು. ಆದುದರಿಂದ ಹೇರಿದ ವಸ್ತುವು ಹಿಂದಕ್ಕೂ ಮುಂದಕ್ಕೂ ತುಯ್ಯುವುದು. ಮುಂದಕ್ಕೆ ಸರಿದ ಮೋಟಾರ್ ಸೈಕಲ್ಲಿನ ಸ್ಟ್ಯಾಂಡು ಮಡಿಸಿಕೊಳ್ಳುವುದು ಅದರ ಧರ್ಮವೇ ಆಗಿದೆ.

ಯುವಕನು ಎಲ್ಲವನ್ನೂ ಬಿಚ್ಚಿ ತನ್ನ ಕ್ರಮದಂತೆ ಕಟ್ಟಿದನು. ಆ ಕ್ರಮವಿದು: ಟ್ಯಾಂಕಿನ ಪೆಟ್ರೋಲನ್ನು ಮೊದಲೇ ತೆಗೆದಿರಬೇಕು. ಏರಿಸುವಾಗ ವಾಹನಕ್ಕೊಂದು, ಹಿಡಿದು ನಡೆಯುವವನಿಗೊಂದು ಹಲಗೆ ಇರಬೇಕು. ಮುಂದಿನ ಚಕ್ರವನ್ನು ನೇರವಾಗಿ ಮುಂದಿನ ತಡಿಕೆಗೆ ಆನಿಸಿ, ಸ್ಟ್ಯಾಂಡನ್ನು ಮಡಿಸಿ, ಗೇರಿನಲ್ಲಿ ನಿಲ್ಲಿಸತಕ್ಕದ್ದು. ಹ್ಯಾಂಡಲಿನ ಕೆಳಗಡೆಯ ಗಟ್ಟಿಭಾಗದಿಂದ ಎಡಬಲಕ್ಕೆ ಒಂದೊಂದು ಪಟ್ಟಿಯನ್ನು ಮುಂದಕ್ಕೆಳೆದು, ಮುಂದಿನ ಸ್ಪ್ರಿಂಗುಗಳು ಅರ್ಧದಷ್ಟು ಕುಗ್ಗುವಂತೆ ಸಮನಾಗಿ ಬಿಗಿಯಬೇಕು. ಹಿಂದಿನಿಂದಲೂ ಎರಡು ಪಟ್ಟಿ ಹಿಂದಕ್ಕೆಳೆದಿರಬೇಕು. ಹಗ್ಗವು ದಾರಿಯಲ್ಲಿ ಸಡಿಲುವುದು. ಬಿಗಿಯುವ ಕೊಂಡಿಯುಳ್ಳ ಅಗಲವಾದ ಪಟ್ಟಿಯೇ ಆಗಬೇಕು. ಐದು ಕಿಲೋಮೀಟರು ಹೋದ ಮೇಲೆ ನಿಲ್ಲಿಸಿ ಪ್ರತಿಯೊಂದು ಕಟ್ಟನ್ನೂ ಕೈಯಿಂದ ಮುಟ್ಟಿ ನೋಡತಕ್ಕದ್ದು.

ಅಲ್ಲಿಂದ ಮೈಸೂರಿನವರೆಗೆ ಅದು ಕದಲಲಿಲ್ಲ. ನಾವಂತೂ ದಾರಿಯುದ್ದಕ್ಕೂ ಕಿವಿಯನ್ನು ಹಿಂದಕ್ಕಿಟ್ಟೇ ಕುಳಿತಿದ್ದೆವು. ಬಾಗಿದ ಹಿಡಿಯನ್ನು ತೋರಿಸಿ ತಪ್ಪೊಪ್ಪಿಕೊಂಡಾಗ ಅಣ್ಣನ ಮಗಳು ನಕ್ಕು, “ಬಿಡಿ ಚಿಕ್ಕಪ್ಪ, ಅಪ್ಪನೂ ಎರಡು ಸಲ ಇದನ್ನೇ ಬಗ್ಗಿಸಿದ್ದರು” ಎಂದಳು. ಆ ಮಾತನ್ನು ಅಂದೇ ಸಂಜೆ ಫೋನಿನಲ್ಲಿ ಅತ್ತಿಗೆಯವರಿಗೆ ತಿಳಿಸಿದೆವು. ಅವರೂ ನಕ್ಕರು.

ಹೊರುವ ಶಕ್ತಿಯನ್ನು ಎಲ್ಲರೂ ವಿಚಾರಿಸುವರು. ಕಟ್ಟುವ ಕ್ರಮವನ್ನು ವಿಚಾರಿಸುವವರು ವಿರಳ. ನಾವು ಗಣಿತದಲ್ಲಿ ಎಡವಲಿಲ್ಲ, ತಿಳಿದವನ ಮಾತನ್ನು ಕೇಳದೆ ಎಡವಿದೆವು. ಪರರ ಮನೆಯ ಪ್ರಿಯವಸ್ತುವನ್ನು ಸಾಗಿಸತಕ್ಕ ಗೃಹಸ್ಥರು, ಕಟ್ಟುವ ಕೈಯವನು ವಯಸ್ಸಿನಲ್ಲಿ ಚಿಕ್ಕವನಾದರೂ ಅವನ ಮಾತಿಗೆ ಮೊದಲು ಕಿವಿಗೊಡಲಿ.